ಒಗ್ಗರಣೆಗೆ ಲೆಕ್ಕ ಇಟ್ಟವರಾರು?

ತೂಕ ಇಳಿಸುವವರನ್ನು ನೋಡಬೇಕೆಂದರೆ ಬೆಳಿಗ್ಗೆ ಆರಕ್ಕೆ ಬೆಂಗಳೂರಿನ ಹಲಸೂರು ಕೆರೆಯ ಹತ್ತಿರ ನಿಂತರೆ ಸಾಕು. ಕಿವಿಗೆ ಹಾಡು ಸಿಕ್ಕಿಸಿಕೊಂಡವರು, ಮಗ ಅಮೆರಿಕದಿಂದ ಕಳಿಸಿದ ಬೂಟು ಹಾಕಿಕೊಂಡ ಅಜ್ಜಂದಿರು, ಸೀರೆಯ ಮೇಲೆ ಸ್ವೆಟರು, ಕಾಲಿಗೆ ಕ್ಯಾನ್ವಾಸ್ ಶೂ ಹಾಕಿದ ಅತ್ತೆಯರು, ಎಲ್ಲರೂ ನಿಮ್ಮನ್ನು ದಾಟಿಕೊಂಡು ಹೋಗುತ್ತಾರೆ. ತೂಕ ಇಳಿದವರನ್ನು ತೋರಿಸಿ ಎಂದರೆ ಮಾತ್ರ ಸ್ವಲ್ಪ ಹುಡುಕಬೇಕು. ನಮ್ಮ ಕಡೆ ಇಳಿಸುವವರು ಯಾವಾಗಲೂ ಬಹುವಚನ. ಇಳಿದವರು ಏಕವಚನ, ಅದೂ ಎಲ್ಲೋ ದೂರದ ನೆಂಟರ ಪೈಕಿ.

ನಮ್ಮ ಭಾವ ಮೊದಲನೆಯ ಗುಂಪಿನ ಖಾಯಂ ಸದಸ್ಯರು. ಮನೆ ಕೆ.ಆರ್. ಪುರ, ಕೆಲಸ ವೈಟ್‌ಫೀಲ್ಡ್, ಹೆಂಡತಿಯ ತವರು ಹಲಸೂರು, ಗೆಳೆಯರೆಲ್ಲ ಇಂದಿರಾನಗರ. ಒಟ್ಟಿನಲ್ಲಿ ಮೆಟ್ರೊದ ನೇರಳೆ ಮಾರ್ಗದಲ್ಲಿ ಎಲ್ಲಿ ಇಳಿದರೂ ಅವರಿಗೆ ತಿನ್ನಿಸುವವರು ಒಬ್ಬರು ಇದ್ದೇ ಇದ್ದಾರೆ. ಅವರ ಫೋನಿನಲ್ಲಿ ತಿಂದದ್ದನ್ನೆಲ್ಲ ಬರೆದುಕೊಳ್ಳುವ ಆಪ್ ಇದೆ. ಬರೆಯುವುದರಲ್ಲಿ ಅವರು ಪ್ರಾಮಾಣಿಕರು. ಎರಡು ಇಡ್ಲಿ ಅಂದರೆ ಎರಡು ಇಡ್ಲಿ. ಮೂರು ಚಪಾತಿ ತಿಂದು ಎರಡು ಎಂದು ಬರೆಯುವ ಪೈಕಿ ಅಲ್ಲ.

"ದಿನಕ್ಕೆ ಸಾವಿರದ ಇನ್ನೂರು ಕ್ಯಾಲೊರಿ ಕಣೋ. ಒಂದು ಗ್ರಾಮೂ ಇಳೀತಿಲ್ಲ" ಎಂದು ಅವರು ನನ್ನೆದುರು ಫೋನು ಹಿಡಿದಾಗ ನಿಜಕ್ಕೂ ಕರುಳು ಚುರುಕ್ಕೆನ್ನುತ್ತದೆ. ಥೈರಾಯ್ಡ್ ಇರಬಹುದೆಂದು ರಕ್ತ ಕೊಟ್ಟು ಬಂದರು. ನಾರ್ಮಲ್ ಎಂದು ಬಂತು. ನಾರ್ಮಲ್ ಎಂಬ ರಿಪೋರ್ಟು ನೋಡಿ ಅಷ್ಟು ಬೇಜಾರು ಮಾಡಿಕೊಂಡ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಆಮೇಲೆ ವಂಶದ ಮೇಲೆ ಹಾಕಿದರು. ಅದಕ್ಕೆ ಅವರ ಅಮ್ಮ ಸಿಟ್ಟಾದರು. ಈಗ ಕೆ.ಆರ್. ಪುರದ ಟ್ಯಾಂಕರ್ ನೀರಿನ ಮೇಲೆ ಸಂಶಯ ಇದೆ.

ಭಾವನಂಥವರ ಮೇಲೆ 1992ರಲ್ಲೇ ಒಂದು ಅಧ್ಯಯನ ನಡೆದುಹೋಗಿದೆ, ನ್ಯೂಯಾರ್ಕಿನಲ್ಲಿ. ದಿನಕ್ಕೆ 1,200 ಕ್ಯಾಲೊರಿಗಿಂತ ಕಡಿಮೆ ತಿಂತೀವಿ, ಆದರೂ ತೂಕ ಇಳಿಯಲ್ಲ ಎಂದು ಹೇಳಿಕೊಂಡ ಹತ್ತು ಜನರನ್ನು ವೈದ್ಯರು ಕರೆತಂದರು. ನೀವು ತಿಂದದ್ದನ್ನೆಲ್ಲ ಹದಿನಾಲ್ಕು ದಿನ ಬರೆಯಿರಿ ಎಂದರು. ಜೊತೆಗೆ ಒಂದು ಲೋಟ ನೀರೂ ಕುಡಿಸಿದರು. ಕಿತಾಪತಿ ಇರುವುದು ಆ ನೀರಿನಲ್ಲೇ. ಅದರೊಳಗಿನ ಜಲಜನಕ ಮತ್ತು ಆಮ್ಲಜನಕ ಎರಡೂ ಮಾಮೂಲಿಗಿಂತ ಸ್ವಲ್ಪ ಭಾರದ ಜಾತಿಯವು. ಜಲಜನಕ ಮೂತ್ರ, ಬೆವರು ಮುಂತಾಗಿ ನೀರಿನ ರೂಪದಲ್ಲಿ ಮಾತ್ರ ಹೊರಗೆ ಹೋಗುತ್ತದೆ. ಆಮ್ಲಜನಕ ಅದರ ಜೊತೆಗೆ ಉಸಿರಿನ ಇಂಗಾಲದ ಡೈಆಕ್ಸೈಡಿನಲ್ಲೂ ಹೋಗುತ್ತದೆ. ಎರಡರ ನಡುವಿನ ವ್ಯತ್ಯಾಸ ನೋಡಿದರೆ ಮೈ ಎಷ್ಟು ಉರಿಸಿತು ಎಂದು ಗೊತ್ತಾಗುತ್ತದೆ, ಅಷ್ಟರಿಂದ ಎಷ್ಟು ತಿಂದಿರಬೇಕು ಎಂಬುದೂ. ಡೈರಿಯಲ್ಲಿ ಏನು ಬೇಕಾದರೂ ಬರೆಯಿರಿ, ಮೂತ್ರ ಸಾಕ್ಷಿ ಹೇಳಿಬಿಡುತ್ತದೆ.

ಹೇಳಿತು. ತಿಂದದ್ದರಲ್ಲಿ ಸರಾಸರಿ ಶೇಕಡಾ 47 ಡೈರಿಗೆ ಬಂದೇ ಇರಲಿಲ್ಲ. ವ್ಯಾಯಾಮ ಮಾತ್ರ ಶೇಕಡಾ 51 ಜಾಸ್ತಿಯಾಗಿ ಬಂದಿತ್ತು. ಅವರ ಮೈ ಶಕ್ತಿ ಉರಿಸುವುದರಲ್ಲಿ ಏನೂ ಕೊರತೆ ಇರಲಿಲ್ಲ, ಥೈರಾಯ್ಡೂ ಸರಿಯಾಗಿತ್ತು.

ಇದನ್ನು ನಾನು ಹೇಳಿದಾಗ ಭಾವ, "ಅಮೆರಿಕದವರು ಸುಳ್ಳು ಹೇಳ್ತಾರೆ ಬಿಡು" ಎಂದರು. ಆ ಹತ್ತು ಜನ ಸುಳ್ಳು ಹೇಳಿರಲಿಲ್ಲ, ಸ್ವಾರಸ್ಯ ಅಲ್ಲೇ ಇರುವುದು. ತಮ್ಮ ಲೆಕ್ಕವನ್ನು ಅವರು ಮನಸಾರೆ ನಂಬಿದ್ದರು. ಭಾವನೂ ನಂಬುತ್ತಾರೆ. ತಟ್ಟೆಯಲ್ಲಿ ಕೂತು ತಿಂದದ್ದೆಲ್ಲ ಅವರ ಫೋನಿನಲ್ಲಿದೆ. ನಿಂತು ತಿಂದದ್ದು ಇಲ್ಲ.

ಬೈಟೂ ಕಾಫಿಯನ್ನೇ ತೆಗೆದುಕೊಳ್ಳಿ. ಈ ಊರು ಕಂಡುಹಿಡಿದ ಕಾಫಿ ಕುಡಿಯುವ ಕ್ರಮಗಳಲ್ಲಿ ಇಷ್ಟು ಮೋಸದ್ದು ಇನ್ನೊಂದಿಲ್ಲ. ಅರ್ಧ ಲೋಟ ತಾನೇ ಎಂದು ಬರೆಯುವುದಿಲ್ಲ. ಅರ್ಧಕ್ಕೆ ಮಾತು ಮುಗಿಯುವುದಿಲ್ಲ, ಹಾಗಾಗಿ ಇನ್ನೊಂದು ಬೈಟೂ. ಅದೂ ಅರ್ಧವೇ, ಅದನ್ನೂ ಬರೆಯುವುದಿಲ್ಲ. ಸಂಜೆ ಆಫೀಸಿನ ಎದುರಿನ ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಸಹೋದ್ಯೋಗಿಯ ಎಗ್ ಪಫ್‌ನಿಂದ ಮುರಿದುಕೊಂಡ ಮೂಲೆ ಸಹೋದ್ಯೋಗಿಯ ಲೆಕ್ಕಕ್ಕೆ ಸೇರಿದ್ದು. ಮಗ ಬಿಟ್ಟ ಅರ್ಧ ದೋಸೆ ಚೆಲ್ಲಬಾರದು, ಅನ್ನ ದೇವರು. ಅಕ್ಕ "ರೀ, ಉಪ್ಪು ಸರಿಯಿದ್ಯಾ ನೋಡಿ" ಎಂದು ಅಂಗೈಗೆ ಹಾಕಿದ ಪಲ್ಯ ಸಂಸಾರದ ಕರ್ತವ್ಯ. ಸೋಮೇಶ್ವರ ದೇವಸ್ಥಾನದಲ್ಲಿ ಕೊಟ್ಟ ಸಿಹಿ ಪೊಂಗಲನ್ನು ಕ್ಯಾಲೊರಿ ಎಂದು ಕರೆದರೆ ಪಾಪ ಬರುತ್ತದೆ. ಭಾನುವಾರ ಕೆರೆ ಸುತ್ತಿ ಗುರುದ್ವಾರದ ಲಂಗರಿಗೆ ಹೋಗಿ ತುಪ್ಪದ ದಾಲ್ ಉಂಡು ಬಂದರೆ ಅದು ಸೇವೆ, ರಾಷ್ಟ್ರೀಯ ಭಾವೈಕ್ಯ ಕೂಡ.

ರಸೆಲ್ ಮಾರ್ಕೆಟ್ ನೋಡಿ. 1927ರಲ್ಲಿ ಕಟ್ಟಿ, 1933ರಲ್ಲಿ ಉದ್ಘಾಟನೆ ಆದ ಕಟ್ಟಡ. ಅಂದಿನಿಂದ ಅಲ್ಲಿ ಪ್ರತಿಯೊಂದೂ ತಕ್ಕಡಿಗೆ ಬಿದ್ದೇ ಕೈಗೆ ಬರಬೇಕು, ಸೊಪ್ಪೊಂದು ಬಿಟ್ಟು. ಆದರೆ ಒಣಹಣ್ಣಿನ ಅಂಗಡಿಯವರು "ಟೇಸ್ಟ್ ನೋಡಿ ಸಾರ್" ಎಂದು ಕೊಡುವ ಗೋಡಂಬಿ, ಖರ್ಜೂರಕ್ಕೆ ತಕ್ಕಡಿ ಇಲ್ಲ. ಭಾವ ನಾಲ್ಕು ಅಂಗಡಿಯಲ್ಲಿ ರುಚಿ ನೋಡಿ ಐದನೆಯದರಲ್ಲಿ ಕಾಲು ಕೆ.ಜಿ. ಬಾದಾಮಿ ಕೊಳ್ಳುತ್ತಾರೆ. ದಪ್ಪ ಖರ್ಜೂರ ಒಂದಕ್ಕೆ 60 ಕ್ಯಾಲೊರಿಯ ಮೇಲೆ, ಗೋಡಂಬಿ ನೂರು ಗ್ರಾಮಿಗೆ 580ರ ಸುಮಾರು. ಮನೆಗೆ ಬಂದು ಎಣಿಸಿ ಐದು ಬಾದಾಮಿ ನೆನೆಹಾಕಿ, ಆ ಐದನ್ನು ಬೆಳಿಗ್ಗೆ ಆಪಿನಲ್ಲಿ ಬರೆಯುತ್ತಾರೆ.

ಆದರೂ ಕದ್ದು ತಿಂದದ್ದೇ ಎಲ್ಲ ಅನರ್ಥಕ್ಕೆ ಮೂಲ ಎಂದರೆ ಭಾವನಿಗೆ ಅನ್ಯಾಯ ಮಾಡಿದಂತಾಗುತ್ತದೆ. ಬರೆದ ಲೆಕ್ಕವೂ ಸರಿ ಇರುವುದಿಲ್ಲ. ಅದಕ್ಕೆ ಕಾರಣ ನಮ್ಮ ಅಡುಗೆಮನೆ. ಅಲ್ಲಿಯ ಅಳತೆಗಳು ಯಾವುವು? ಒಂದು ಹಿಡಿ, ಒಂದು ಸೌಟು, ಚಿಟಿಕೆ, ಕಣ್ಣಂದಾಜು. ನನ್ನ ಅಮ್ಮನನ್ನು ಒಗ್ಗರಣೆಗೆ ಎಷ್ಟು ಎಣ್ಣೆ ಹಾಕಿದೆ ಎಂದು ಕೇಳಿದರೆ, "ಬೇಕಾದಷ್ಟು" ಎನ್ನುತ್ತಾಳೆ. ಯಾರಿಗೆ ಬೇಕಾದಷ್ಟು ಎಂದು ಕೇಳಿದರೆ ಸೌಟು ಎತ್ತುತ್ತಾಳೆ. ಈ ಒಗ್ಗರಣೆ ಎನ್ನುವುದಿದೆಯಲ್ಲ, ಅದು ಯಾವ ಆಪಿಗೂ ಸಿಕ್ಕದ ಭೂಗತ ವ್ಯಕ್ತಿ. ಅನ್ನ ಕಾಣುತ್ತದೆ, ಸಾರು ಕಾಣುತ್ತದೆ, ಬೀನ್ಸ್ ಪಲ್ಯ ಹಸಿರಾಗಿ, ಸಾಧುವಾಗಿ ಕೂತಿರುತ್ತದೆ. ಎಣ್ಣೆ ಸಾಸಿವೆ ಸಿಡಿಸಿ, ಶಬ್ದ ಮಾಡಿ, ಪಲ್ಯದೊಳಗೆ ಹೊಕ್ಕು ಮಾಯವಾಗಿರುತ್ತದೆ. ದೊಡ್ಡ ಚಮಚ ಒಂದರಲ್ಲಿ ಸುಮಾರು 14 ಗ್ರಾಂ ಎಣ್ಣೆ, ಅಂದರೆ 120 ಕ್ಯಾಲೊರಿ. ಅನ್ನಕ್ಕಾಗಲಿ ಸಕ್ಕರೆಗಾಗಲಿ ಅಷ್ಟು ಗತ್ತು ಇಲ್ಲ. ಗ್ರಾಮಿಗೆ ಪಿಷ್ಟ 4, ಪ್ರೋಟೀನ್ 4, ಕೊಬ್ಬು 9. ಮದ್ಯ 7, ಅದಕ್ಕೆ ಇಂದಿರಾನಗರ ತಲುಪಿದ ಮೇಲೆ ಬರೋಣ. ಈ ಅಂಕಿಗಳನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಿಲ್ಬರ್ ಆಟ್‌ವಾಟರ್ ಎಂಬ ಅಮೆರಿಕದ ವಿಜ್ಞಾನಿ ಮನುಷ್ಯರನ್ನೇ ಒಂದು ಕೋಣೆಯಲ್ಲಿ ಕೂಡಿಹಾಕಿ, ಅವರ ಮೈ ಕೊಡುವ ಶಾಖ ಅಳೆದು, ತಿಂದದ್ದನ್ನೂ ವಿಸರ್ಜಿಸಿದ್ದನ್ನೂ ತೂಗಿ ಕಂಡುಕೊಂಡದ್ದು. ಇವತ್ತಿಗೂ ಬಿಸ್ಕತ್ತಿನ ಪೊಟ್ಟಣದ ಹಿಂದಿನ ಲೆಕ್ಕ ಅವನದೇ.

ಅಕ್ಕ ಒಂದು ದಿನ ಶಿವಾಜಿನಗರದಿಂದ ಅಂಗೈಯಗಲದ ಎಲೆಕ್ಟ್ರಾನಿಕ್ ತಕ್ಕಡಿ ತಂದಳು. ಅದರಿಂದ ಮನೆಯಲ್ಲಿ ಬೆಳಕು ಮೂಡುವ ಬದಲು ಒಂದು ಯುದ್ಧ ಶುರುವಾಯಿತು. ಅನ್ನವನ್ನು ತೂಗಬೇಕೋ ಅಕ್ಕಿಯನ್ನೋ? ನೂರು ಗ್ರಾಂ ಅಕ್ಕಿ ಬೆಂದು ನೀರು ಕುಡಿದು ಮೂರು ಪಟ್ಟಿಗೆ ಹತ್ತಿರವಾಗುತ್ತದೆ. ಅಕ್ಕಿಯಲ್ಲಿ ನೂರು ಗ್ರಾಮಿಗೆ 350ರ ಆಸುಪಾಸು ಕ್ಯಾಲೊರಿ, ಅನ್ನದಲ್ಲಿ 120, 130. ಭಾವ ಅಕ್ಕಿಯನ್ನು ತೂಗಿ ಅನ್ನ ಎಂದು ಬರೆದ ವಾರ ಅವರ ಲೆಕ್ಕದಲ್ಲಿ ಅವರು ಹೆಚ್ಚುಕಮ್ಮಿ ಉಪವಾಸ ಇದ್ದರು. ಅನ್ನ ತೂಗಿ ಅಕ್ಕಿ ಎಂದು ಬರೆದ ವಾರ ಕುಂಭಕರ್ಣ ಆಗಿದ್ದರು. ಎರಡೂ ವಾರ ತಿಂದದ್ದು ಅಷ್ಟೇ.

ಇನ್ನು ನಂಬಿಕೆಯ ಪುಸ್ತಕವನ್ನೇ ನೋಡಿಬಿಡೋಣ ಎಂದು ಭಾವ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪಟ್ಟಿ ತೆರೆದರು. 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿ ರೋಗದ ವಿಚಾರಣೆಗೆಂದು ಮೆಕಾರಿಸನ್ ಸಾಹೇಬರು ಶುರುಮಾಡಿದ ಪುಟ್ಟ ಘಟಕವೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಹೋಗಿ, ಆಮೇಲೆ ಈ ಸಂಸ್ಥೆಯಾದದ್ದು. ಅವರ 2017ರ ಪಟ್ಟಿಯಲ್ಲಿ 528 ಆಹಾರಗಳಿವೆ. ಭಾವ ಪುಟ ತಿರುಗಿಸಿ ಬಿಳಿ ಅಕ್ಕಿಯ ಸಾಲಿಗೆ ಬಂದು ಹೌಹಾರಿದರು: ನೂರು ಗ್ರಾಮಿಗೆ 1,491! ಅವತ್ತು ಮಧ್ಯಾಹ್ನ ಊಟ ಬಿಟ್ಟರು. ಸಂಜೆ ಕಾಲೇಜಿಗೆ ಹೋಗುವ ನನ್ನ ಸೋದರಸೊಸೆ, "ಅಪ್ಪ, ಅದು ಕಿಲೋಜೂಲ್. 4.184ರಿಂದ ಭಾಗಿಸು" ಎಂದಳು. 356 ಬಂತು. ಭಾವ ಆ ಖುಷಿಯಲ್ಲಿ ರಾತ್ರಿ ಎರಡು ಊಟ ಮಾಡಿದರು.

ಆ ಪಟ್ಟಿಯಲ್ಲಿ ಅಕ್ಕಿ ಇದೆ, ಉದ್ದು ಇದೆ, ಆದರೆ ಹೆಂಚಿನ ಮೇಲೆ ಎಣ್ಣೆ ಕುಡಿದ ದೋಸೆ ಇಲ್ಲ. ದೋಸೆಗೆ ಆಪೇ ಗತಿ. ಅಲ್ಲಿ ದೋಸೆ ಎಂದು ಹುಡುಕಿದರೆ ಹತ್ತಾರು ದೋಸೆಗಳು ಸಾಲಾಗಿ ನಿಲ್ಲುತ್ತವೆ, 100 ಕ್ಯಾಲೊರಿಯಿಂದ 400ರ ತನಕ. ಹುಡುಗಿಗೆ ಜಾತಕ ಕೂಡಿಸುವ ಹಾಗೆ ಭಾವ ಒಂದೊಂದನ್ನೂ ಕೂಲಂಕಷವಾಗಿ ನೋಡಿ, ಕೊನೆಗೆ ಎಲ್ಲಕ್ಕಿಂತ ಕಡಿಮೆ ಇರುವುದಕ್ಕೇ ಮನಸೋಲುತ್ತಾರೆ. "ನಾನು ತಿಂದದ್ದು ಇದೇ ಥರ ಇತ್ತು. ತೆಳ್ಳಗೆ." ಇಂದಿರಾನಗರದ ರಾಮೇಶ್ವರಂ ಕೆಫೆಯ ಮುಂದೆ ನಿಂತು ತುಪ್ಪ ಸುರಿಯುತ್ತಿರುವ ಪುಡಿ ದೋಸೆ ಕೈಯಲ್ಲಿ ಹಿಡಿದು, ಫೋನಿನಲ್ಲಿ 'ಸಾದಾ ದೋಸೆ, 1' ಎಂದು ಒತ್ತಿದ ಮನುಷ್ಯನಿಗೆ ಏನು ಹೇಳುತ್ತೀರಿ? "ತುಪ್ಪ ಅವರೇ ಹಾಕಿದ್ದು ಕಣೋ, ನಾನು ಕೇಳಿರ್ಲಿಲ್ಲ."

ಹೋಟೆಲಿನ ಲೆಕ್ಕ ಯಾರೂ ತೆಗೆದಿಲ್ಲವೇ ಎಂದರೆ, ತೆಗೆದಿದ್ದಾರೆ, ನಮ್ಮ ಊರಿನದೇ. ಬ್ರೆಜಿಲ್, ಚೀನಾ, ಫಿನ್‌ಲ್ಯಾಂಡ್, ಘಾನಾ ಮತ್ತು ಭಾರತದ ಊಟಗಳನ್ನು ಕೊಂಡು ತಂದು ಅಳೆದ ಅಧ್ಯಯನವೊಂದು 2018ರ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಭಾರತದ ಪರವಾಗಿ ಆಡಿದ್ದು ಬೆಂಗಳೂರು. ಒಟ್ಟು 111 ಹೋಟೆಲುಗಳ 223 ಊಟ. ಅಳೆದದ್ದು ಬಾಂಬ್ ಕ್ಯಾಲೊರಿಮೀಟರಿನಲ್ಲಿ. ಊಟವನ್ನು ರುಬ್ಬಿ, ಒಣಗಿಸಿ, ಉಕ್ಕಿನ ಗೂಡಿನಲ್ಲಿಟ್ಟು, ಶುದ್ಧ ಆಮ್ಲಜನಕ ತುಂಬಿ, ಕಿಡಿ ಹೊತ್ತಿಸಿ, ಸುತ್ತಲಿನ ನೀರು ಎಷ್ಟು ಬಿಸಿಯಾಯಿತು ಎಂದು ನೋಡುವ ಯಂತ್ರ ಅದು. ಅಷ್ಟು ಪ್ರೀತಿಯಿಂದ ಮಾಡಿದ ಅಡುಗೆಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ?

ಕೂತು ಉಣ್ಣುವ ಹೋಟೆಲಿನ ಊಟ ಸರಾಸರಿ 1,317 ಕ್ಯಾಲೊರಿ. ಎಲ್ಲರೂ ಶಪಿಸುವ ಫಾಸ್ಟ್ ಫುಡ್ 809. ಒಂದು ಹೊತ್ತಿಗೆ 600 ಸಾಕು ಎಂಬ ಮಾತಿದೆಯಲ್ಲ, ಅದನ್ನು ಕೂತು ಉಣ್ಣುವ ಹೋಟೆಲಿನ ನೂರಕ್ಕೆ 94 ಊಟ ಮುಟ್ಟಿದ್ದವು ಇಲ್ಲವೇ ಮೀರಿದ್ದವು. ಅಮೆರಿಕದವರ ಊಟಕ್ಕಿಂತ ಎದ್ದು ಕಾಣುವಷ್ಟು ಕಡಿಮೆ ಇದ್ದದ್ದು ಚೀನಾದ್ದು ಮಾತ್ರ. ಅಂದರೆ ಬರ್ಗರ್ ಬೇಡ, ನಮ್ಮದೇ ಸಾತ್ವಿಕ ಊಟ ಮಾಡೋಣ ಎಂದು ಮೂರಡಿ ಎಲೆ ಹಾಕಿಸಿಕೊಂಡು ಕೂರುವವರು ಒಮ್ಮೆ ಯೋಚಿಸಬೇಕು. ಭಾವ ಯೋಚಿಸಿದರು. ಯೋಚಿಸಿ, "ಹಾಗಾದ್ರೆ ಬರ್ಗರ್ರೇ ವಾಸಿ ಅಂದಂಗಾಯ್ತು" ಎಂದರು.

ಬೋರ್ಡಿನಲ್ಲಿ ಕ್ಯಾಲೊರಿ ಬರೆಯಬೇಕೆಂಬ ಕಾನೂನೂ ಇದೆ. 2022ರ ಜುಲೈ 1ರಿಂದ, ಕೇಂದ್ರದ ಲೈಸೆನ್ಸು ಇರುವ ಅಥವಾ ಹತ್ತು ಇಲ್ಲವೇ ಹೆಚ್ಚು ಶಾಖೆ ಇರುವ ಹೋಟೆಲಿನವರು ಮೆನುವಿನಲ್ಲಿ ಹಾಕಬೇಕು. ಒಂದೇ ಬಾಗಿಲಿನ ದರ್ಶಿನಿಗೆ, ಮಿಲಿಟರಿ ಹೋಟೆಲಿಗೆ, ಗಾಡಿಗೆ ಆ ಕಾಟ ಇಲ್ಲ. ದೇವರ ದಯೆ. ದರ್ಶಿನಿಯಲ್ಲಿ ಚೌಚೌ ಬಾತ್ ಎದುರು ಅಂಕಿ ಬರೆದು ತೂಗುಹಾಕಿದರೆ ಕೇಸರಿಬಾತನ್ನು ಯಾವ ಮುಖ ಇಟ್ಟುಕೊಂಡು ಕೇಳುವುದು? ಮೂರನೆಯ ಸಲ ಚಟ್ನಿ ಹಾಕಿಸಿಕೊಳ್ಳಲು ಕೌಂಟರಿಗೆ ಹೋಗುವಾಗ ತೆಂಗಿನಕಾಯಿಗೆ ನೂರು ಗ್ರಾಮಿಗೆ 400ರ ಹತ್ತಿರ ಎಂದು ಕಣ್ಣಿಗೆ ಬಿದ್ದರೆ ಆ ಇಡ್ಲಿ ಗಂಟಲಲ್ಲಿ ಇಳಿಯುತ್ತದೆಯೇ?

ನಮ್ಮ ಪೂರ್ವ ಬೆಂಗಳೂರಿನ ಕಷ್ಟ ಬೇರೆಯವರಿಗೆ ಅರ್ಥವಾಗುವುದಿಲ್ಲ. ಬಸವನಗುಡಿಯವರು ತಿನ್ನುವುದಾದರೆ ದೋಸೆಯಿಂದ ದೋಸೆಗೆ ಹೋಗುತ್ತಾರೆ, ಲೆಕ್ಕ ಸುಲಭ. ಇಲ್ಲಿ ಹಾಗಲ್ಲ. ರಂಜಾನ್ ತಿಂಗಳ ಸಂಜೆ ಶಿವಾಜಿನಗರ, ಫ್ರೇಜರ್ ಟೌನಿನ ಮಾಸ್ಕ್ ರೋಡು ಕಡೆ ಹೋದರೆ ಹಲೀಮ್. ಗೋಧಿ, ಮಾಂಸ, ಬೇಳೆ, ತುಪ್ಪ ಎಲ್ಲವನ್ನೂ ಗಂಟೆಗಟ್ಟಲೆ ತಿರುವಿ ಒಂದಾಗಿಸಿದ್ದು. ಯಾವುದು ಎಷ್ಟಿದೆ ಎಂದು ಅದನ್ನು ಮಾಡಿದ ಭಟ್ಟರೇ ಹೇಳಲಾರರು, ಆಪ್ ಏನು ಹೇಳೀತು? ಅಲ್ಲೇ ಆಲ್ಬರ್ಟ್ ಬೇಕರಿ, ಮಧ್ಯಾಹ್ನದ ಮೇಲೆ ಬಾಗಿಲು ತೆಗೆದರೆ ಖೀಮಾ ಸಮೋಸ, ಭೇಜಾ ಪಫ್. ಸೆಪ್ಟೆಂಬರಿನಲ್ಲಿ ಸೇಂಟ್ ಮೇರಿ ಬೆಸಿಲಿಕಾ ಹಬ್ಬ, ಇಡೀ ಬೀದಿ ತಿಂಡಿ. ಇಂದಿರಾನಗರದ ನೂರಡಿ ರಸ್ತೆಯಲ್ಲಿ ಬಿಯರು. ಅರ್ಧ ಲೀಟರಿಗೆ 200 ಕ್ಯಾಲೊರಿಯ ಮೇಲೆ, ಅದರ ಜೊತೆಗೆ ಬರುವ ಕಡಲೆಬೀಜ ಮಸಾಲೆ ಯಾರದೂ ಅಲ್ಲ, ಟೇಬಲ್ಲಿನದು. ಅಲ್ಲಿಂದ ಎದ್ದರೆ ಕಾರ್ನರ್ ಹೌಸಿನ ಡೆತ್ ಬೈ ಚಾಕೊಲೇಟ್. ಸಾವು ಎಂದು ಹೆಸರಿನಲ್ಲೇ ಬರೆದಿದ್ದಾರೆ, ಮರೆಮಾಚಿಲ್ಲ, ಆದರೂ ಜನ ಚಮಚ ಎತ್ತಿಕೊಂಡು ಹೊರಡುತ್ತಾರೆ.

ಇಷ್ಟೂ ಸಾಲದು ಎಂದು ಹಳೇ ಮದ್ರಾಸ್ ರಸ್ತೆ. ಹಲಸೂರಿನಿಂದ ಹೊರಟು, ಇಂದಿರಾನಗರದ ಪಕ್ಕ ಸವರಿಕೊಂಡು, ಟಿನ್ ಫ್ಯಾಕ್ಟರಿ ಜಾಮ್ ದಾಟಿ, ಕೆ.ಆರ್. ಪುರ ಮುಗಿಸಿ ಆ ರಸ್ತೆ ಹೋಗಿ ಮುಟ್ಟುವುದು ಎಲ್ಲಿಗೆ? ಹೊಸಕೋಟೆಗೆ. ಹೊಸಕೋಟೆಯಲ್ಲಿ ಏನಿದೆ? ಬೆಳಗಿನ ಜಾವದ ದಮ್ ಬಿರಿಯಾನಿ. ಭಾನುವಾರ ಇನ್ನೂ ಕತ್ತಲಿರುವಾಗಲೇ ಕ್ಯೂ ನಿಂತಿರುತ್ತದೆ. ಅದರಲ್ಲಿ ಸೈಕಲ್ ಹೆಲ್ಮೆಟ್ಟು, ಬಿಗಿ ಚಡ್ಡಿ ಹಾಕಿಕೊಂಡವರನ್ನೂ ನೀವು ಕಾಣಬಹುದು. ಹೋಗುವ ದಾರಿಯಲ್ಲಿ ಅವರು ಉರಿಸಿದ್ದು ಬಿರಿಯಾನಿಯ ಮೊದಲ ಹತ್ತು ತುತ್ತಿಗೆ ಸಮ ಆಗಿರಬಹುದು. ಎರಡನೆಯ ಪ್ಲೇಟಿನ ಲೆಕ್ಕ ಬರುವಾಗ ಜಾಮಿನಲ್ಲಿ ನಿಂತು ತೀರಿಸಬೇಕು.

ಜಾಮ್ ಎಂದಾಗ ಭಾವನ ವಾಚು ನೆನಪಾಯಿತು. ಕೈಗೆ ಕಟ್ಟಿದ ಆ ವಾಚು ಎದೆಬಡಿತ ನೋಡಿ ಎಷ್ಟು ಉರಿಸಿದಿರಿ ಎಂದು ಹೇಳುತ್ತದೆ. ಟಿನ್ ಫ್ಯಾಕ್ಟರಿ ಹತ್ತಿರ ಎಡಗಡೆಯಿಂದ ಬಿ.ಎಂ.ಟಿ.ಸಿ. ಬಸ್ಸು, ಬಲಗಡೆಯಿಂದ ಆಟೊ ಒಟ್ಟಿಗೆ ನುಗ್ಗಿದಾಗ ಯಾರ ಎದೆ ತಾನೇ ಬಡಿದುಕೊಳ್ಳುವುದಿಲ್ಲ? ವಾಚು ಅದನ್ನು ವ್ಯಾಯಾಮ ಎಂದು ಬರೆದುಕೊಂಡಿತು. ಭಾವ ಅದಕ್ಕೆ ಸಮನಾಗಿ ಒಂದು ವಡೆ ತಿಂದರು. ನಿಜವಾಗಿ ನಡೆದರೂ ಲೆಕ್ಕ ಕಠಿಣವೇ. ನಮ್ಮಂಥ ಮೈಯವರು ಒಂದು ಕಿಲೋಮೀಟರ್ ನಡೆದರೆ ಕರಗುವುದು 50 ಕ್ಯಾಲೊರಿಯ ಆಚೀಚೆ. ಉದ್ದಿನ ವಡೆಯೊಂದಕ್ಕೆ ಮೂರು ಕಿಲೋಮೀಟರ್ ಹತ್ತಿರ ಹತ್ತಿರ ನಡೆಯಬೇಕು. ವಡೆ ಮುಗಿಯುವುದು ನಾಲ್ಕು ತುತ್ತಿಗೆ. ಕೆರೆಯ ಪಕ್ಕದಲ್ಲೇ ಇರುವ ಮದ್ರಾಸ್ ಸ್ಯಾಪರ್ಸ್ ಸೈನಿಕರು ತಿನ್ನುವುದನ್ನು ತೋರಿಸಿ ವಾದಕ್ಕೆ ಬರಬೇಡಿ. ಅವರು ಹೊತ್ತುಕೊಂಡು ಓಡುತ್ತಾರೆ, ನಾವು ಮಾತಾಡಿಕೊಂಡು ನಡೆಯುತ್ತೇವೆ.

ಕ್ಯಾಲೊರಿ ಬರೆದಿಡುವ ಇಂಥ ಆಪೊಂದರ ಹಿಂದೆ ಒಂದು ಕತೆ ಇದೆ, ಅದನ್ನು ಕೇಳಿದರೆ ನಗು ಸ್ವಲ್ಪ ಒಳಗೇ ನಿಲ್ಲುತ್ತದೆ. 2011ರಲ್ಲಿ, ಆಧಾರ್ ಯೋಜನೆಗೆಂದು ಬೆಂಗಳೂರಿಗೆ ಬಂದಿದ್ದ ತುಷಾರ್ ವಶಿಷ್ಠ ಮತ್ತು ಮ್ಯಾಟ್ ಚೆರಿಯನ್ ಎಂಬ ಇಬ್ಬರು ಯುವಕರು, ಅಮೆರಿಕದಲ್ಲಿ ಓದಿದವರು, ಸಾಮಾನ್ಯ ಭಾರತೀಯನೊಬ್ಬ ಬದುಕುವ ದುಡ್ಡಿನಲ್ಲಿ ಬದುಕಿ ನೋಡೋಣ ಎಂದು ಹೊರಟರು. ಬಾಡಿಗೆ ಕಳೆದು ದಿನಕ್ಕೆ ನೂರು ರೂಪಾಯಿ. ಇದೇ ಊರಿನಲ್ಲಿ ಕೆಲವು ವಾರ. ಹಾಲು ತುಟ್ಟಿ, ಮಾಂಸ ಕೈಗೆಟುಕದು, ತುಪ್ಪ ಬೆಣ್ಣೆ ಮಾತೇ ಇಲ್ಲ. ಸೋಯಾ, ಕಡಲೆಬೀಜ. ದಿನಕ್ಕೆ ಐದು ಕಿಲೋಮೀಟರಿಗಿಂತ ಹೆಚ್ಚು ಬಸ್ಸಿನಲ್ಲಿ ಹೋಗುವಂತಿಲ್ಲ. ಆಮೇಲೆ ಕೇರಳದ ಕರುಕಚಾಲಿಗೆ ಹೋಗಿ 26 ರೂಪಾಯಿಯಲ್ಲಿ ಬದುಕಲು ನೋಡಿದರು. ಹಳ್ಳಿಯವನಿಗೆ ದಿನಕ್ಕೆ 26 ರೂಪಾಯಿ ಇದ್ದರೆ ಅವನು ಬಡವನಲ್ಲ ಎಂದು ಯೋಜನಾ ಆಯೋಗ ಅದೇ ವರ್ಷ ಸುಪ್ರೀಂ ಕೋರ್ಟಿಗೆ ಹೇಳಿತ್ತು. ಇಡೀ ದಿನ ಆ ಇಬ್ಬರ ತಲೆಯಲ್ಲಿ ಊಟದ ವಿಷಯವೊಂದೇ. ಯಾವ ಪದಾರ್ಥದಲ್ಲಿ ಎಷ್ಟು ಪೈಸೆಗೆ ಎಷ್ಟು ಕ್ಯಾಲೊರಿ ಎಂದು ಲೆಕ್ಕ ಹಾಕುತ್ತಿದ್ದರು. ಪಾರ್ಲೆ-ಜಿ ಬಿಸ್ಕತ್ತು ಕೈಹಿಡಿಯಿತು: 25 ಪೈಸೆಗೆ 27 ಕ್ಯಾಲೊರಿ. ಮರುವರ್ಷ, 2012ರಲ್ಲಿ, ಇದೇ ಬೆಂಗಳೂರಿನಲ್ಲಿ ತುಷಾರ್ ಹೆಲ್ತಿಫೈಮಿ ಎಂಬ ಆಪ್ ಶುರುಮಾಡಿದ. ಹೊಟ್ಟೆ ತುಂಬಿಸಲು ಕಲಿತ ಲೆಕ್ಕ ಹೊಟ್ಟೆ ಇಳಿಸುವವರ ಫೋನು ಸೇರಿತು.

ನಮ್ಮ ದೇಶದಲ್ಲಿ ಬಡತನದ ಗೆರೆಯನ್ನೇ ಕ್ಯಾಲೊರಿಯಲ್ಲಿ ಎಳೆದಿದ್ದರು. 1979ರಲ್ಲಿ ಹಳ್ಳಿಯವರಿಗೆ ತಲೆಗೆ 2,400, ಪಟ್ಟಣದವರಿಗೆ 2,100. ಈಗ 2020ರ ಸರ್ಕಾರಿ ಶಿಫಾರಸು, ಕೂತು ಕೆಲಸ ಮಾಡುವ 65 ಕೆ.ಜಿ.ಯ ಗಂಡಸಿಗೆ ಎಷ್ಟು ಹೇಳುತ್ತದೆ? 2,110. ಮನೆಮಂದಿಯನ್ನೆಲ್ಲ ಸೇರಿಸಿ ಸರಾಸರಿ ತೆಗೆದದ್ದು ಅದು, ಒಬ್ಬನಿಗೆ ಹೇಳಿದ್ದು ಇದು, ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು ಎಂದು ತಿಳಿದವರು ಬೈಯಬಹುದು, ಬೈಯಲಿ. ಒಂದೇ ಗೆರೆಯನ್ನು ಒಬ್ಬ ಕೆಳಗಿನಿಂದ ಹತ್ತಲು ನೋಡುತ್ತಾನೆ, ಇನ್ನೊಬ್ಬ ಮೇಲಿನಿಂದ ಇಳಿಯಲು ಹೆಣಗುತ್ತಾನೆ. ಬೈಯಪ್ಪನಹಳ್ಳಿಯ ಬಳಿ ಮೆಟ್ರೊ ಕಿಟಕಿಯಿಂದ ಕೆಳಗೆ ನೋಡಿದರೆ ಇಬ್ಬರೂ ಕಾಣುತ್ತಾರೆ.

ಭಾವ ಇದನ್ನು ಕೇಳಿ ಸುಮ್ಮನೆ ಕೂತರು. ಆಮೇಲೆ, "27 ಕ್ಯಾಲೊರಿ ಅಂದ್ರೆ ಒಂದು ಬಿಸ್ಕತ್ತಿಗಾ?" ಎಂದು ಕೇಳಿದರು. ದಿನಾ ಬೆಳಿಗ್ಗೆ ಚಹಾದಲ್ಲಿ ಅದ್ದುವುದಕ್ಕೆ ಅವರ ಆಪಿನಲ್ಲಿ ಇದುವರೆಗೆ ಸಾಲೇ ಇರಲಿಲ್ಲ.

ತೂಕದ ಯಂತ್ರದ ಜೊತೆ ಅವರ ಜಗಳ ಬೇರೆ. ದಿನಕ್ಕೆ ಮೂರು ಸಲ ಹತ್ತಿ ಇಳಿಯುತ್ತಾರೆ. ಉಪ್ಪಿನಕಾಯಿ, ಹಪ್ಪಳ ತಿಂದ ಮರುದಿನ ಮೈ ನೀರು ಹಿಡಿದುಕೊಂಡು ಒಂದು ಕೆ.ಜಿ. ಏರಿರುತ್ತದೆ, ಅದು ಕೊಬ್ಬಲ್ಲ. ಏಕಾದಶಿ ಮಾಡಿದ ಮರುದಿನ ಒಂದು ಕೆ.ಜಿ. ಇಳಿದಿರುತ್ತದೆ, ಅದೂ ಕೊಬ್ಬಲ್ಲ. ವಾರವಾರ ಒಂದೇ ಹೊತ್ತಿನಲ್ಲಿ ನೋಡಿ, ತಿಂಗಳ ಓಟ ಹಿಡಿದರೆ ಸಾಕು. ಹಿಂದೆಲ್ಲ ರೈಲ್ವೆ ಸ್ಟೇಷನ್ನಿನಲ್ಲಿ ಬಣ್ಣದ ದೀಪದ ಯಂತ್ರಗಳಿರುತ್ತಿದ್ದವಲ್ಲ, ನಾಣ್ಯ ಹಾಕಿದರೆ ರಟ್ಟಿನ ಚೀಟಿ ಬರುತ್ತಿತ್ತು, ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ. 'ನಿಮ್ಮ ಔದಾರ್ಯವನ್ನು ಜನ ಮೆಚ್ಚುತ್ತಾರೆ' ಎಂಬಂಥದ್ದು ಏನೋ ಒಂದು. ಆಗ ಯಾರೂ ತೂಕದ ಕಡೆ ತಿರುಗಿಸಿ ನೋಡುತ್ತಲೇ ಇರಲಿಲ್ಲ.

ಇಷ್ಟೆಲ್ಲ ನಡೆಯುವಾಗ ಅಕ್ಕ ಒಂದು ಮಾತೂ ಆಡಿರಲಿಲ್ಲ. ಶಿವಾಜಿನಗರದ ತಕ್ಕಡಿಯನ್ನು ಎತ್ತಿ ಮೇಲಿಟ್ಟಿದ್ದಳು. ಮೊನ್ನೆ ನಾನು ಹೋದಾಗ ತಿಂಗಳ ಸಾಮಾನಿನ ಚೀಟಿ ಹಿಡಿದು ಕೂತಿದ್ದಳು.

"ನಾನು ಯಾರ ತಟ್ಟೆನೂ ನೋಡಲ್ಲಪ್ಪ. ಎಣ್ಣೆ ಕ್ಯಾನ್ ನೋಡ್ತೀನಿ. ತಿಂಗಳಿಗೆ ಐದು ಲೀಟ್ರು, ನಾಲ್ಕು ಜನ. ಲೀಟ್ರಿಗೆ 910 ಗ್ರಾಂ. ತಲೆಗೆ ದಿನಕ್ಕೆ ಎಷ್ಟಾಯ್ತು?"

ಸೋದರಸೊಸೆ ಫೋನಿನಲ್ಲಿ ಒತ್ತಿ, "38 ಗ್ರಾಂ. 340 ಕ್ಯಾಲೊರಿ" ಎಂದಳು.

ಭಾವನ ಆಪಿನಲ್ಲಿ ಎಣ್ಣೆ ಎಂಬ ಪದವೇ ಇರಲಿಲ್ಲ. ದಿನಕ್ಕೆ 340, ಹಾಗೇ ಬರೆಯದೆ ಹೋದದ್ದು! ನಾನು ಸಮಾಧಾನ ಮಾಡಲು, ಬಜ್ಜಿ ಕರಿದು ಉಳಿದದ್ದನ್ನು ಕಳೆಯಬೇಕಲ್ಲವೇ ಎಂದೆ. "ಉಳಿದದ್ದು ಮಾರನೇ ದಿನ ಚಿತ್ರಾನ್ನಕ್ಕೆ ಹೋಗತ್ತೆ" ಎಂದಳು ಅಕ್ಕ. ಪೋಷಣಾ ಸಂಸ್ಥೆಯವರು 2024ರಲ್ಲಿ 2,000 ಕ್ಯಾಲೊರಿಯ ತಟ್ಟೆಗೆ ಎಣ್ಣೆ ಕೊಬ್ಬು ಎಲ್ಲ ಸೇರಿ 27 ಗ್ರಾಂ ಹೇಳಿದ್ದಾರೆ. ಅದಕ್ಕೆ ಎಷ್ಟು ತರಬೇಕು ಎಂದು ಮತ್ತೆ ಒತ್ತಿಸಿದಳು. ಮೂರೂವರೆ ಲೀಟರ್ ಬಂತು. ಚೀಟಿಯಲ್ಲಿ ಐದನ್ನು ಹೊಡೆದು ಮೂರೂವರೆ ಎಂದು ಬರೆದಳು.

"ಮಿಕ್ಕ ಒಂದೂವರೆ ಲೀಟ್ರು?" ಭಾವ ಮೆಲ್ಲಗೆ ಕೇಳಿದರು.

"ಅದನ್ನ ನೀವು ಆಗ್ಲೇ ಹೊರಗಡೆ ತಿಂತಿದೀರಲ್ರೀ" ಎಂದಳು ಅಕ್ಕ, ಚೀಟಿಯಿಂದ ತಲೆ ಎತ್ತದೆ. "ಸಕ್ಕರೆ ಎಷ್ಟು ಬರೀಲಿ ಹೇಳಿ."